ಶಿರಸಿ ಸಿಗುತ್ತದೆ, ಹೊನ್ನಾವರ ಸಿಗುವುದಿಲ್ಲ: ಹುಡುಕುವ ಪೆಟ್ಟಿಗೆಯ ರಿಪೇರಿ

ಕುಮಟಾ ಕಡೆಯ ಹೋಮ್‌ಸ್ಟೇ ಯಜಮಾನರೊಬ್ಬರು ಫೋನ್ ಮಾಡಿದ್ದರು. ‘ತಮಾ, ನೀನು ಮಾಡಿಕೊಟ್ಟ ವೆಬ್‌ಸೈಟಲ್ಲಿ ಊರು ಹುಡುಕೂ ಜಾಗ ಹಾಳಾಗದೆ. ಶಿರಸಿ ಅಂತ ಹೊಡೆದ್ರೆ ಬರ್ತದೆ, ಹೊನ್ನಾವರ ಅಂದ್ರೆ ಬರೂದಿಲ್ಲ.’

ಎರಡಕ್ಷರ ಬರೆಯುವಷ್ಟರಲ್ಲಿ ಕೆಳಗೆ ಹೆಸರುಗಳ ಪಟ್ಟಿ ಇಳಿಯುತ್ತದಲ್ಲ, ಆ ಆಟೋಕಂಪ್ಲೀಟ್ ಪೆಟ್ಟಿಗೆಯ ಮಾತಿದು. ಅದು ಕೆಟ್ಟಿತೆಂದರೆ ಹೆಚ್ಚಿನವರು ನೇರ ಕೋಡಿಗೆ ಕೈ ಹಾಕುತ್ತಾರೆ. ತಾಳಿ. ಪುಟ ಸರ್ವರನ್ನು ಕೇಳಿತೇ, ಸರ್ವರ್ ಉತ್ತರ ಕೊಟ್ಟಿತೇ, ಕೊಟ್ಟ ಉತ್ತರ ಪರದೆ ಮೇಲೆ ಕಂಡಿತೇ? ಮೂರರಲ್ಲಿ ಎಲ್ಲಿ ತಪ್ಪಿದೆ ಎಂದು ಮೊದಲು ನೋಡಿ.

ಕಂಪ್ಯೂಟರಿನಲ್ಲಿ ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆದು ಎಫ್ 12 ಒತ್ತಿ, ಪರಿಶೀಲನೆಯ ಕಿಟಕಿ ತೆರೆಯುತ್ತದೆ. ‘ನೆಟ್‌ವರ್ಕ್’ ಟ್ಯಾಬಿಗೆ ಹೋಗಿ, ಪೆಟ್ಟಿಗೆಯಲ್ಲಿ ಬರೆಯಲು ಶುರುಮಾಡಿ. ಹೊಸ ಸಾಲು ಮೂಡಿದರೆ ಪುಟ ಕೇಳಿದೆ ಎಂದರ್ಥ. ಸಾಲಿನ ಪಕ್ಕ 404 ಇದ್ದರೆ ವಿಳಾಸ ತಪ್ಪು, 500 ಇದ್ದರೆ ಸರ್ವರಿನ ಕೋಡೇ ಮುಗ್ಗರಿಸಿದೆ. 200 ಇದ್ದರೆ ಉತ್ತರ ಬಂದಿದೆ, ಅದರ ಮೇಲೆ ಕ್ಲಿಕ್ ಮಾಡಿ, ಉತ್ತರದಲ್ಲಿ ಏನಿದೆ ಓದಿ.

ಸಾಲೇ ಮೂಡದಿದ್ದರೆ ‘ಕನ್ಸೋಲ್’ ಟ್ಯಾಬಿನಲ್ಲಿ ಕೆಂಪು ಅಕ್ಷರಗಳಿವೆಯೇ ನೋಡಿ. ಜೆಕ್ವೆರಿ (ಸಿದ್ಧ ಜಾವಾಸ್ಕ್ರಿಪ್ಟ್ ಕೋಡಿನ ಸಂಗ್ರಹ) ಬರುವ ಮೊದಲೇ ಅದನ್ನು ನಂಬಿದ ಪ್ಲಗಿನ್ ಬಂದು ಕೂತಿರುವುದು ಮಾಮೂಲಿ ತಪ್ಪು. ಕಂಪ್ಯೂಟರಿನಲ್ಲಿ ಸರಿ, ಮೊಬೈಲಿನಲ್ಲಿ ಮಾತ್ರ ಇಲ್ಲ ಎಂದಾದರೆ ನಿಮ್ಮ ಕೋಡ್ ಕೀಲಿಗಳನ್ನು ಕಾಯುತ್ತಿರಬಹುದು. ಆಂಡ್ರಾಯ್ಡ್ ಕೀಬೋರ್ಡು ಬಹಳ ಸಲ ಯಾವ ಕೀಲಿ ಒತ್ತಿದರೂ 229 ಎಂಬ ಒಂದೇ ಸಂಕೇತ ಹೇಳುತ್ತದೆ. ಕೀಲಿ ಬಿಟ್ಟು ‘ಇನ್‌ಪುಟ್’ ಈವೆಂಟನ್ನು, ಅಂದರೆ ಪೆಟ್ಟಿಗೆಯ ಬರಹ ಬದಲಾದ ಸೂಚನೆಯನ್ನು ಕಾಯಿರಿ.

ಕನಿಷ್ಠ ಎಷ್ಟು ಅಕ್ಷರಕ್ಕೆ ಹುಡುಕಬೇಕು ಎಂಬ ಮಿತಿಯನ್ನೂ ನೋಡಿ. ಜೆಕ್ವೆರಿಯ ಜೊತೆಗಾರ ಜೆಕ್ವೆರಿ ಯುಐಯ ಸಿದ್ಧ ಪೆಟ್ಟಿಗೆಯಲ್ಲಿ ಅದು ತಾನಾಗಿ 1 ಇರುತ್ತದೆ. ಯಾರೋ 4 ಮಾಡಿಟ್ಟರೆ ‘ಯಾಣ’ ಎಂದೂ ಸಿಗುವುದಿಲ್ಲ, ಏಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದರ ಉದ್ದ ಮೂರೇ: ಯ, ದೀರ್ಘ, ಣ. ‘ಶ್ರೀ’ ನಮಗೆ ಒಂದಕ್ಷರ, ಅದಕ್ಕೆ ನಾಲ್ಕು!

ಈ ಲೆಕ್ಕವೇ ನನಗೆ ಹೊನ್ನಾವರದ ಗುಟ್ಟು ಬಿಟ್ಟುಕೊಟ್ಟಿದ್ದು. ಅವರ ಪುಟ ಕೇಳುತ್ತಿತ್ತು, ಸರ್ವರ್ 200 ಎನ್ನುತ್ತಿತ್ತು, ಆದರೆ ಉತ್ತರದಲ್ಲಿ ಬರೀ ಖಾಲಿ ಚೌಕ ಕಂಸ, ಅಂದರೆ ಒಂದೂ ಹೆಸರಿಲ್ಲ. ಶಿರಸಿ, ಕಾರವಾರ, ಭಟ್ಕಳ ಸಿಗುತ್ತಿದ್ದವು. ಹೊನ್ನಾವರ, ಗೋಕರ್ಣ, ಅಂಕೋಲಾ, ಮುರುಡೇಶ್ವರ ಇಲ್ಲ. ಕನ್ಸೋಲಿನಲ್ಲಿ ನಾನು ಬರೆದ ಹೊನ್ನಾವರದ ಉದ್ದ ಕೇಳಿದೆ, 8. ಪಟ್ಟಿಯಿಂದ ನಕಲು ಮಾಡಿದ ಹೊನ್ನಾವರದ ಉದ್ದ, 9. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಯೂನಿಕೋಡಿನಲ್ಲಿ (ಪ್ರತಿ ಅಕ್ಷರ, ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿ) ‘ಹೊ’ ಬರೆಯಲು ಎರಡು ದಾರಿಗಳಿವೆ. ‘ಹ’ಕ್ಕೆ ‘ಒ’ ಸ್ವರದ ಒಂದೇ ಚಿಹ್ನೆ ಹಚ್ಚಬಹುದು, ಅಥವಾ ‘ಎ’ ಸ್ವರದ ಚಿಹ್ನೆ, ಅದರ ಹಿಂದೆ ‘ಊ’ ಸ್ವರದ ಚಿಹ್ನೆ ಎಂದು ಬಿಡಿಸಿಡಬಹುದು. ‘ಗೋ’, ‘ಡೇ’ಗಳದೂ ಇದೇ ಕತೆ. ಯಜಮಾನರ ಪಟ್ಟಿ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಾಗಿ ಬಂದದ್ದು, ಬಿಡಿಸಿಟ್ಟ ರೂಪದಲ್ಲಿತ್ತು. ಜಾವಾಸ್ಕ್ರಿಪ್ಟಿನ ‘ನಾರ್ಮಲೈಸ್’ ಎಂಬ ಫಂಕ್ಷನ್ನಿಗೆ ‘ಎನ್‌ಎಫ್‌ಸಿ’ (ಕೂಡಿಸಿದ ರೂಪ) ಎಂದು ಹೇಳಿ, ಪೆಟ್ಟಿಗೆಯಲ್ಲಿ ಬರೆದ ಪದವನ್ನೂ ಪಟ್ಟಿಯನ್ನೂ ಒಂದೇ ರೂಪಕ್ಕೆ ತಂದೆ. ಒಂದನ್ನು ಮಾತ್ರ ತಂದರೆ ಪ್ರಯೋಜನವಿಲ್ಲ.

ಪಟ್ಟಿಯಲ್ಲಿ ಕನ್ನಡದ ಬದಲು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಬಂದರೆ ಅದು ಬೇರೆ ರೋಗ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಟೇಬಲ್ಲು ಮತ್ತು ಅದರ ಸಂಪರ್ಕ ಎರಡೂ ‘ಯುಟಿಎಫ್8ಎಂಬಿ4’ ಎಂಬ ಅಕ್ಷರ ಸಂಕೇತದಲ್ಲಿವೆಯೇ ನೋಡಿ. ಟೇಬಲ್ಲಿನಲ್ಲೇ ಪ್ರಶ್ನಾರ್ಥಕವಾಗಿ ದಾಖಲಾದ ಹೆಸರು ಮರಳಿ ಬರುವುದಿಲ್ಲ, ಮತ್ತೆ ತುಂಬಬೇಕು. ‘ಹೋಮ್‌ಸ್ಟೇ’ಯಂಥ ಪದಗಳ ನಡುವೆ ಕಣ್ಣಿಗೆ ಕಾಣದ, ಅಕ್ಷರಗಳ ಜೋಡಣೆ ತಡೆಯುವ ಚಿಹ್ನೆ ಇರುತ್ತದೆ. ಕೆಲವರು ಹಾಕುತ್ತಾರೆ, ಕೆಲವರು ಇಲ್ಲ. ಹೋಲಿಸುವ ಮೊದಲು ಎರಡೂ ಕಡೆ ತೆಗೆದುಬಿಡಿ.

ಉತ್ತರ ತುಂಬಿ ಬಂದರೂ ಪರದೆಯಲ್ಲಿ ಕಾಣದಿದ್ದರೆ ಪಟ್ಟಿ ಪುಟದ ಬೇರಾವುದೋ ಭಾಗದ ಅಡಿಯಲ್ಲಿ ಸಿಕ್ಕಿರಬಹುದು. ಸಿಎಸ್‌ಎಸ್‌ನ ಝಡ್-ಇಂಡೆಕ್ಸ್ (ಯಾವುದು ಮೇಲೆ ಕಾಣಬೇಕೆಂಬ ಅಂಕಿ) ಹೆಚ್ಚಿಸಿ, ಸುತ್ತಲಿನ ಡಬ್ಬಿ ಪಟ್ಟಿಯನ್ನು ಕತ್ತರಿಸುತ್ತಿದೆಯೇ ಎಂದು ಅದರ ಓವರ್‌ಫ್ಲೋ ನೋಡಿ. ಹೆಸರು ಮುಟ್ಟುವಷ್ಟರಲ್ಲಿ ಪಟ್ಟಿ ಮಾಯವಾದರೆ ‘ಕ್ಲಿಕ್’ ಬದಲು ‘ಮೌಸ್‌ಡೌನ್’ಗೆ (ಗುಂಡಿ ಒತ್ತಿದ ಕ್ಷಣಕ್ಕೆ) ಆಯ್ಕೆಯನ್ನು ಕಟ್ಟಿ. ಕ್ಲಿಕ್ ಮುಗಿಯುವ ಮೊದಲೇ ಪೆಟ್ಟಿಗೆಯ ಗಮನ ತಪ್ಪಿ ಪಟ್ಟಿ ಮುಚ್ಚಿಕೊಳ್ಳುತ್ತದೆ.

ಇನ್ನೊಂದು ದೋಷ ಶಿರಸಿ ಪೇಟೆಯಲ್ಲಿ ಕೂತು ಪರೀಕ್ಷಿಸಿದರೆ ಕಾಣುವುದಿಲ್ಲ, ದೇವಿಮನೆ ಘಟ್ಟ ಇಳಿಯುವಾಗ ಕಾಣುತ್ತದೆ. ಸಿಗ್ನಲ್ ಕುಂಟುವಾಗ ‘ಕು’ಗೆ ಬರಬೇಕಾದ ಉತ್ತರ ‘ಕುಮಟಾ’ದ ಉತ್ತರಕ್ಕಿಂತ ತಡವಾಗಿ ಬಂದು ಅದರ ಮೇಲೆ ಕೂರುತ್ತದೆ. ಹೊಸ ಪ್ರಶ್ನೆ ಹೊರಟಾಗ ಹಳೆಯದನ್ನು ‘ಅಬಾರ್ಟ್‌ಕಂಟ್ರೋಲರ್’ನಿಂದ ರದ್ದು ಮಾಡಿ, ಬರೆಯುವವರು 300 ಮಿಲಿಸೆಕೆಂಡ್ ಕೈ ನಿಲ್ಲಿಸಿದ ಮೇಲೆಯೇ ಕೇಳಿ. ಘಟ್ಟಕ್ಕೇ ಹೋಗಬೇಕೆಂದಿಲ್ಲ, ನೆಟ್‌ವರ್ಕ್ ಟ್ಯಾಬಿನಲ್ಲೇ ವೇಗವನ್ನು 3ಜಿಗೆ ಇಳಿಸಿ ನೋಡಬಹುದು.

ಎಲ್ಲ ಮುಗಿಸಿ ಯಜಮಾನರಿಗೆ ಹೇಳಿದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು: ‘ಹೊನ್ನಾವರ ಬಂತು ತಮಾ. ಆದ್ರೆ ಸಿರ್ಸಿ ಅಂತ ಬರೆದ್ರೆ ಶಿರಸಿ ಬರೂದಿಲ್ಲಲ್ಲ?’ ಅದಕ್ಕೆ ಯಾವ ಫಂಕ್ಷನ್ನೂ ಇಲ್ಲ. ಪ್ರತಿ ಊರಿನ ಮುಂದೆ ಜನ ಬರೆಯುವ ಬೇರೆ ಹೆಸರುಗಳಿಗೆ ಇನ್ನೊಂದು ಕಾಲಂ ಸೇರಿಸಿ, ಅದನ್ನು ತುಂಬುವ ಕೆಲಸ ಅವರಿಗೇ ಬಿಟ್ಟೆ.