ಆ್ಯಪ್ ತೋರಿಸುವ ದಿಕ್ಕಿಗಿಂತ ನಿಮಗೆ ಗೊತ್ತಿರುವ ಒಂದು ನಕ್ಷತ್ರವನ್ನು ನಂಬಿ

ಆಕಾಶದ ನಕ್ಷತ್ರಗಳ ಹೆಸರು ತೋರಿಸುವ ಸ್ಟೆಲೇರಿಯಂನಂತಹ ಆ್ಯಪ್ ತೆರೆದ ತಕ್ಷಣ ಮೊಬೈಲನ್ನು ಆಕಾಶಕ್ಕೆ ಹಿಡಿದು ಹೆಸರು ಹುಡುಕಬೇಡಿ. ಮೊದಲು ಬರಿಗಣ್ಣಿಗೆ ಖಚಿತವಾಗಿ ಗುರುತು ಸಿಗುವ ಒಂದು ನಕ್ಷತ್ರವನ್ನು ಆರಿಸಿಕೊಳ್ಳಿ. ಚಳಿಗಾಲದ ರಾತ್ರಿಯಾದರೆ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳ ಗೆರೆಯನ್ನು ಆಗ್ನೇಯದತ್ತ ಮುಂದುವರಿಸಿದರೆ ಸಿಗುವ ಲುಬ್ಧಕ (ಸಿರಿಯಸ್), ಬೇಸಿಗೆಯಾದರೆ ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಿಡಿದು ಹೋದರೆ ಸಿಗುವ ಸ್ವಾತಿ (ಆರ್ಕ್ಟುರಸ್). ಆಮೇಲೆ ಮೊಬೈಲ್ ತಿರುಗಿದಂತೆ ಚಿತ್ರವೂ ತಿರುಗುವ ಸೌಲಭ್ಯವನ್ನು ಆರಿಸಿ, ಆ ನಕ್ಷತ್ರವನ್ನು ಆ್ಯಪ್‌ನಲ್ಲಿ ಹುಡುಕಿ ಪರದೆಯ ನಡುವೆ ತನ್ನಿ. ಅಲ್ಲಿಂದ ಮುಂದೆ ಅಕ್ಕಪಕ್ಕದ ನಕ್ಷತ್ರಗಳನ್ನು ಭೂಪಟ ಓದುವ ಹಾಗೆ ಹೋಲಿಸಿಕೊಂಡು ಹೋಗಿ. ಮೊಬೈಲ್ ಎಷ್ಟು ಎತ್ತರಕ್ಕೆ ವಾಲಿದೆ ಎಂಬುದನ್ನು ಗುರುತ್ವದಿಂದ ಅಳೆಯುವುದರಿಂದ ಅದು ಸಾಮಾನ್ಯವಾಗಿ ಸರಿಯಿರುತ್ತದೆ. ಆದರೆ ದಿಕ್ಕನ್ನು ಅಳೆಯುವುದು ಕಾಂತೀಯ ದಿಕ್ಸೂಚಿ. ಅಯಸ್ಕಾಂತವಿರುವ ಮೊಬೈಲ್ ಕವರ್, ಪಕ್ಕದಲ್ಲಿ ನಿಂತ ಕಾರು, ತಾರಸಿಯ ಕಬ್ಬಿಣದ ಕಂಬಿ, ಇವುಗಳಲ್ಲಿ ಯಾವುದಾದರೂ ಅದನ್ನು ದಾರಿ ತಪ್ಪಿಸಬಹುದು. ಆಕಾಶದಲ್ಲಿ ಎರಡು ಚುಕ್ಕೆಗಳ ನಡುವಿನ ಅಂತರ ಅಂದಾಜಿಸಲು ಕೈ ಚಾಚಿ ಮುಷ್ಟಿ ಹಿಡಿಯಿರಿ, ಅದರ ಅಗಲ ಸುಮಾರು 10 ಡಿಗ್ರಿ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಉತ್ತರದ ದಿಗಂತದಿಂದ ಸುಮಾರು 13 ಡಿಗ್ರಿ ಮೇಲಷ್ಟೇ, ಅಂದರೆ ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು. ಮೋಡದ ಸಂದಿನಲ್ಲಿ ಒಂದೆರಡೇ ಚುಕ್ಕೆ ಕಾಣುವಾಗ ಈ ಉಪಾಯ ನಡೆಯುವುದಿಲ್ಲ. ಗುರು ಅಥವಾ ಶುಕ್ರ ಗ್ರಹವನ್ನು ನಕ್ಷತ್ರವೆಂದುಕೊಂಡರೂ ಲೆಕ್ಕವೆಲ್ಲ ತಪ್ಪುತ್ತದೆ. ಆ್ಯಪ್‌ನಲ್ಲಿ ಊರು ಮತ್ತು ಸಮಯ ಸರಿಯಿರಲೇಬೇಕು. ಪರದೆಯನ್ನು ಕೆಂಪು ಬಣ್ಣಕ್ಕೆ ಬದಲಿಸಿ ಬೆಳಕು ತಗ್ಗಿಸಿಕೊಳ್ಳಿ. ಕತ್ತಲೆಗೆ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು, ಬಿಳಿ ಪರದೆ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ.