ಹೋಟೆಲಿನ ಪಿಂಕ್ ಸಾಸ್ ಸಿಗಡಿ ಪಾಸ್ತಾ: ಮನೆಯ ಒಲೆಯಲ್ಲಿ ಅದೇ ಹದ ಹಿಡಿದದ್ದು ಹೇಗೆ

ಮಂಗಳೂರು, ಮಣಿಪಾಲದ ಕೆಫೆಗಳಲ್ಲಿ ಪಿಂಕ್ ಸಾಸ್ ಪಾಸ್ತಾ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಅಡುಗೆ ಸಿಗುತ್ತದೆ. ಒಂದು, ಟೊಮೆಟೊ ಸಾಸಿಗೆ ಕ್ರೀಮ್ ಬೆರೆಸಿದ್ದು. ಇನ್ನೊಂದು, ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಕುದಿಸಿದ ವೈಟ್ ಸಾಸನ್ನು ಕೆಂಪು ಸಾಸಿಗೆ ಕಲಸಿದ್ದು. ನಿಮಗೆ ಹಿಡಿಸಿದ್ದು ಯಾವುದೆಂದು ತಿಳಿಯದೆ ಶುರುಮಾಡಿದರೆ ಎಷ್ಟು ಚೀಸ್ ತುರಿದರೂ ಆ ರುಚಿ ಬರುವುದಿಲ್ಲ.

ತಿಳಿಯಲು ಸುಲಭ ದಾರಿ ಇದೆ. ಪಾರ್ಸೆಲ್ ತಂದು ನಾಲ್ಕು ಚಮಚ ಸಾಸನ್ನು ಗಾಜಿನ ಲೋಟಕ್ಕೆ ಹಾಕಿ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಹಾಲುಬಾಯಿಯ ಹಾಗೆ ಗಟ್ಟಿಯಾಗಿ, ಚಮಚದಲ್ಲಿ ಗೀರಿದ ಗುರುತು ಹಾಗೇ ಉಳಿದರೆ ಮೈದಾ ಇದೆ. ಮೇಲೆ ಕಿತ್ತಳೆ ಬಣ್ಣದ ಕೊಬ್ಬು ಹೆಪ್ಪುಗಟ್ಟಿ ಕೆಳಗಿನ ಸಾಸ್ ಸಡಿಲವಾಗಿದ್ದರೆ ಕ್ರೀಮ್. ನಾನು ಹಿಡಿಯಲು ಹೊರಟ ಸಾಸಿನಲ್ಲಿ ಎರಡೂ ಗುರುತು ಇದ್ದವು, ಜೊತೆಗೆ ನಾಲಿಗೆಗೆ ಪ್ರೊಸೆಸ್ಡ್ ಚೀಸಿನ ಉಪ್ಪು. ಹಾಗಾಗಿ ಕೆಳಗಿನ ಲೆಕ್ಕದಲ್ಲಿ ಸ್ವಲ್ಪ ಮೈದಾ, ಸ್ವಲ್ಪ ಕ್ರೀಮ್, ಒಂದು ಚೀಸ್ ಕ್ಯೂಬ್ ಮೂರೂ ಇವೆ. ಇದು ಇಟಲಿಯ ಅಡುಗೆಯಲ್ಲ. ಅಲ್ಲಿ ಮೀನು, ಸಿಗಡಿಯ ಪಾಸ್ತಾಕ್ಕೆ ಸಾಮಾನ್ಯವಾಗಿ ಚೀಸ್ ಹಾಕುವುದೇ ಇಲ್ಲ. ನಮಗೆ ಬೇಕಾದದ್ದು ನಮ್ಮೂರ ಹೋಟೆಲಿನ ರುಚಿ, ಅದರಲ್ಲಿ ಚೀಸ್ ಇದೆ.

ಇಬ್ಬರಿಗೆ ಬೇಕಾದದ್ದು: ಪೆನ್ನೆ ಪಾಸ್ತಾ 180 ಗ್ರಾಂ, ತಲೆ ಸಿಪ್ಪೆ ಸಹಿತ ಸಿಗಡಿ 350 ಗ್ರಾಂ, ಟೊಮೆಟೊ 400 ಗ್ರಾಂ, ಬ್ಯಾಡಗಿ ಮೆಣಸು 2, ಬೆಳ್ಳುಳ್ಳಿ 8 ಎಸಳು, ಸಣ್ಣ ಈರುಳ್ಳಿ ಅರ್ಧ, ಆಲಿವ್ ಎಣ್ಣೆ 3 ದೊಡ್ಡ ಚಮಚ, ಬೆಣ್ಣೆ 20 ಗ್ರಾಂ, ಮೈದಾ 8 ಗ್ರಾಂ (ಮಟ್ಟಸ ಮಾಡಿದ ಒಂದು ದೊಡ್ಡ ಚಮಚ), ಹಾಲು 150 ಮಿಲಿ, 25% ಕೊಬ್ಬಿನ ಫ್ರೆಶ್ ಕ್ರೀಮ್ 50 ಮಿಲಿ, ಪ್ರೊಸೆಸ್ಡ್ ಚೀಸ್ ಒಂದು ಕ್ಯೂಬ್, ಒಣ ಒರೆಗಾನೊ ಅರ್ಧ ಚಮಚ, ಟೊಮೆಟೊ ಕೆಚಪ್ ಒಂದು ದೊಡ್ಡ ಚಮಚ. ಕೆಚಪ್ ಎಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಹೋಟೆಲಿನ ಸಾಸಿನಲ್ಲಿ ಸಿಗುವ ಆ ಸಿಹಿಹುಳಿ ಬಹಳ ಕಡೆ ಅದರಿಂದಲೇ ಬಂದದ್ದು.

ಪಾಸ್ತಾ ಪ್ಯಾಕೆಟಿನ ಹಿಂಬದಿ ಓದಿ. ಡ್ಯೂರಮ್ ಗೋಧಿ ರವೆ ಎಂದಿರಬೇಕು. ನಾವು ಸಜ್ಜಿಗೆಗೆ ತರುವ ಬನ್ಸಿ ರವೆ ಕೂಡ ಇದೇ ಜಾತಿಯ ಗೋಧಿಯದ್ದು: ಗಟ್ಟಿ ಕಾಳು, ತುಸು ಹಳದಿ. ಇಟಲಿಯಲ್ಲಿ 1967ರ ಕಾನೂನಿನಿಂದ ಒಣ ಪಾಸ್ತಾಕ್ಕೆ ಈ ಗೋಧಿ ಕಡ್ಡಾಯ. ಇಲ್ಲಿ ಹಾಗಿಲ್ಲ, ಮೈದಾ ಅಥವಾ ಮಾಮೂಲಿ ರವೆಯ ಪಾಸ್ತಾವೂ ಅದೇ ಅಂಗಡಿಯ ಅದೇ ಕಪಾಟಿನಲ್ಲಿ ಸಿಗುತ್ತದೆ. ಅದು ಬಿಳಿಚಿಕೊಂಡಿರುತ್ತದೆ, ಕುದಿಯುವಾಗ ಹೊರಗೆ ಕರಗಿ ಒಳಗೆ ಹಸಿ ಉಳಿಯುತ್ತದೆ, ಸಾಸಿನಲ್ಲಿ ಎರಡು ನಿಮಿಷ ತಿರುವಿದರೆ ಮುದ್ದೆಯಾಗುತ್ತದೆ. ಈ ಅಡುಗೆಯ ಜೀವ ಆ ಕೊನೆಯ ಎರಡು ನಿಮಿಷದಲ್ಲಿರುವುದರಿಂದ ಇಲ್ಲಿ ಉಳಿತಾಯ ಮಾಡಬೇಡಿ.

ಸಿಗಡಿ ಕಿಲೋಗೆ 30ರಿಂದ 40 ಬರುವ ಗಾತ್ರದ್ದು ಸಾಕು. ತಲೆ ಮತ್ತು ಸಿಪ್ಪೆ ಸೇರುವಲ್ಲಿ ಕಪ್ಪು ಕಲೆ ಹಿಡಿದಿದ್ದರೆ, ಮೂಗಿಗೆ ಅಮೋನಿಯಾದ ಘಾಟು ಹೊಡೆದರೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವಾಗ ಮಲ್ಪೆ, ಮಂಗಳೂರು ದಕ್ಕೆಯ ಟ್ರಾಲ್ ಸಿಗಡಿ ಬರುವುದಿಲ್ಲ. ಆಗ ಕೆರೆಯಲ್ಲಿ ಸಾಕಿದ ವೆನ್ನಾಮಿ ಜಾತಿಯ ಸಿಗಡಿಯೋ ಫ್ರೋಜನ್ ಮಾಲೋ ಗತಿ. ಫ್ರೋಜನ್ ತಂದರೆ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ. ಬಿಸಿನೀರಿಗೆ ಹಾಕಿ ಕರಗಿಸಿದರೆ ಹೊರಭಾಗ ಅರೆಬೆಂದು ರಬ್ಬರಾಗುತ್ತದೆ. ತೂಕದಲ್ಲಿ ಮಂಜಿನ ಪದರವೂ ಸೇರಿರುತ್ತದೆ, ಸ್ವಲ್ಪ ಹೆಚ್ಚು ತನ್ನಿ. ಸಿಪ್ಪೆ ಸುಲಿದದ್ದು ಮಾತ್ರ ಸಿಕ್ಕರೆ ಮುಂದೆ ಹೇಳುವ ಸ್ಟಾಕ್ (ತಲೆ, ಸಿಪ್ಪೆ ಕುದಿಸಿ ಸೋಸಿದ ರಸ) ಇಲ್ಲ, ರುಚಿ ಒಂದು ಮೆಟ್ಟಿಲು ಇಳಿಯುತ್ತದೆ.

ಮನೆಯಲ್ಲಿ ಮಾಡಿದಾಗ ಸಿಗಡಿ ಬೇರೆ, ಸಾಸ್ ಬೇರೆ ಅನ್ನಿಸುವುದಕ್ಕೆ ಕಾರಣ ತಲೆ ಮತ್ತು ಸಿಪ್ಪೆಯನ್ನು ಎಸೆಯುವುದು. ಸಿಗಡಿಯ ಕೆಂಬಣ್ಣ ಕೊಬ್ಬಿನಲ್ಲಿ ಕರಗುವಂಥದ್ದು, ನೀರಿನಲ್ಲಲ್ಲ. ಆದ್ದರಿಂದ ಮೊದಲು ಎಣ್ಣೆ, ಆಮೇಲೆ ನೀರು. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ತಲೆ, ಸಿಪ್ಪೆ ಹಾಕಿ ನಡು ಉರಿಯಲ್ಲಿ ನಾಲ್ಕು ನಿಮಿಷ ಹುರಿಯಿರಿ, ಸೌಟಿನ ಹಿಂಬದಿಯಿಂದ ತಲೆಗಳನ್ನು ಒತ್ತಿ ರಸ ಬಿಡಿಸಿ. 300 ಮಿಲಿ ನೀರು ಹಾಕಿ ಸಣ್ಣ ಕುದಿಯಲ್ಲಿ 15 ನಿಮಿಷ. ಹೆಚ್ಚು ಹೊತ್ತು ಕುದಿಸಿದರೆ ಒಳ್ಳೆಯದೆಂದು ಬಿಟ್ಟರೆ ಕಹಿ ಇಳಿಯುತ್ತದೆ. ಸೋಸಿದರೆ ಸುಮಾರು 150 ಮಿಲಿ ಸಿಗುತ್ತದೆ, ಮೇಲೆ ತೇಲುವ ಕಿತ್ತಳೆ ಎಣ್ಣೆಯನ್ನು ತೆಗೆಯಬಾರದು. ಅದೇ ಬಣ್ಣ, ಅದೇ ಪರಿಮಳ.

ಈಗ ಕೆಂಪು ಸಾಸ್. ಬ್ಯಾಡಗಿ ಮೆಣಸಿನ ಬೀಜ ತೆಗೆದು 20 ನಿಮಿಷ ಬಿಸಿನೀರಿನಲ್ಲಿ ನೆನೆಸಿ. ಖಾರಕ್ಕಲ್ಲ, ಬಣ್ಣಕ್ಕೆ. ಹೋಟೆಲಿನಲ್ಲಿ ಕಾಶ್ಮೀರಿ ಮೆಣಸಿನ ಪುಡಿ ಹಾಕುತ್ತಾರೆ, ನಮ್ಮ ಅಡುಗೆಮನೆಯ ಡಬ್ಬದಲ್ಲಿ ಬ್ಯಾಡಗಿ ಹೇಗೂ ಇರುತ್ತದೆ. ಟೊಮೆಟೊಗಳ ಬುಡದಲ್ಲಿ ಅಡ್ಡಗೀರು ಹಾಕಿ ಒಂದು ನಿಮಿಷ ಕುದಿನೀರಿಗೆ ಬಿಟ್ಟು ಸಿಪ್ಪೆ ಸುಲಿದು, ಮೆಣಸಿನ ಜೊತೆ ನುಣ್ಣಗೆ ರುಬ್ಬಿ ಜರಡಿಯಲ್ಲಿ ಸೋಸಿ. ಸೋಸುವುದನ್ನು ಬಿಟ್ಟರೆ ಮೆಣಸಿನ ಸಿಪ್ಪೆಯ ಚೂರು ಹಲ್ಲಿಗೆ ಸಿಕ್ಕಿ ಮೀನು ಸಾರಿನ ನೆನಪಾಗುತ್ತದೆ.

ಅಗಲ ಬಾಯಿಯ, 28 ಸೆಂಟಿಮೀಟರಿನ ಸ್ಟೀಲ್ ಅಥವಾ ನಾನ್‌ಸ್ಟಿಕ್ ಬಾಣಲೆ ಇರಲಿ. ಕಬ್ಬಿಣ, ಬರಿಯ ಅಲ್ಯುಮಿನಿಯಂ ಪಾತ್ರೆ ಬೇಡ, ಟೊಮೆಟೊದ ಹುಳಿಗೆ ಲೋಹದ ರುಚಿ ಬಿಡುತ್ತವೆ. ಉಳಿದ ಒಂದು ಚಮಚ ಎಣ್ಣೆಯನ್ನು ಕಾಯಿಸಿ ಸಿಗಡಿಯನ್ನು ಹುರಿಯಿರಿ. ಅದಕ್ಕೆ ಮುಂಚೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಚಿಟಿಕೆ ಉಪ್ಪು ಸವರಿ. ಮನೆಯ ಗ್ಯಾಸ್ ಒಲೆಗೆ ಹೋಟೆಲಿನ ಬರ್ನರಿನ ಕಾವಿಲ್ಲ, ಎಲ್ಲವನ್ನೂ ಒಟ್ಟಿಗೆ ಹಾಕಿದರೆ ನೀರು ಬಿಟ್ಟುಕೊಂಡು ಬೇಯುತ್ತವೆಯೇ ಹೊರತು ಹುರಿಯುವುದಿಲ್ಲ. ಆರಾರಂತೆ ಎರಡು ಕಂತಿನಲ್ಲಿ, ಒಂದೊಂದು ಬದಿ ಒಂದು ನಿಮಿಷಕ್ಕೂ ಕಡಿಮೆ. ಅರ್ಧಚಂದ್ರದ ಹಾಗೆ ಬಾಗಿದಾಗ ತೆಗೆಯಿರಿ. ಚಕ್ಕುಲಿಯಂತೆ ಪೂರ್ತಿ ಸುತ್ತಿಕೊಂಡರೆ ಬೆಂದದ್ದು ಜಾಸ್ತಿಯಾಯಿತು, ಇನ್ನು ಅದು ಮೆತ್ತಗಾಗುವುದಿಲ್ಲ.

ಬಾಣಲೆಯನ್ನು ತಣಿಯಲು ಬಿಟ್ಟು, ಅದಕ್ಕೇ 10 ಗ್ರಾಂ ಬೆಣ್ಣೆ, ಕೊಚ್ಚಿದ ಬೆಳ್ಳುಳ್ಳಿ ಒಟ್ಟಿಗೆ ಹಾಕಿ ಸಣ್ಣ ಉರಿಯಲ್ಲಿಡಿ. ನಮ್ಮ ಒಗ್ಗರಣೆಯ ಅಭ್ಯಾಸದಿಂದ ಎಣ್ಣೆ ಕಾದ ಮೇಲೆ ಬೆಳ್ಳುಳ್ಳಿ ಹಾಕಿ ಕೆಂಪಗೆ ಮಾಡಿದರೆ ಸಾರಿಗೆ ಚೆಂದ, ಇಲ್ಲಿ ಕಹಿ. ಪರಿಮಳ ಎದ್ದ ಕೂಡಲೇ ಸಣ್ಣಗೆ ಹೆಚ್ಚಿದ ಈರುಳ್ಳಿ, ಅದು ಬಾಡಿದ ಮೇಲೆ ಒರೆಗಾನೊ, ರುಬ್ಬಿದ ಟೊಮೆಟೊ. ನಡು ಉರಿಯಲ್ಲಿ 15 ನಿಮಿಷ. 400 ಗ್ರಾಂ ಇದ್ದದ್ದು ಅರ್ಧಕ್ಕಿಳಿಯಬೇಕು, ಸೌಟು ಎಳೆದ ದಾರಿ ಎರಡು ಸೆಕೆಂಡ್ ಮುಚ್ಚದೆ ನಿಲ್ಲಬೇಕು. ಬಣ್ಣ ಬಂತೆಂದು ಹತ್ತೇ ನಿಮಿಷಕ್ಕೆ ನಿಲ್ಲಿಸಿದರೆ ಹಸಿವಾಸನೆ ಕ್ರೀಮಿನಡಿ ಅಡಗುವುದಿಲ್ಲ. ಆಮೇಲೆ ಸ್ಟಾಕ್ ಸುರಿದು ಮತ್ತೆ ಅದೇ ಹದಕ್ಕೆ ಬತ್ತಿಸಿ, ಕೊನೆಗೆ ಕೆಚಪ್.

ನಾಟಿ ಟೊಮೆಟೊ ಆದರೆ ಹುಳಿ ಜಾಸ್ತಿ. ಸಕ್ಕರೆ ಹಾಕಿದರೆ ಹುಳಿ ಮುಚ್ಚುತ್ತದೆ ಅಷ್ಟೇ, ಕಡಿಮೆಯಾಗುವುದಿಲ್ಲ. ಎರಡು ಬೆರಳಲ್ಲಿ ಸಿಗುವಷ್ಟು ಅಡುಗೆ ಸೋಡಾ ಹಾಕಿದರೆ ನೊರೆ ಎದ್ದು ಹುಳಿ ನಿಜವಾಗಿ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ. ಹುಳಿ ಇಳಿಸುವುದು ನಾಲಿಗೆಗೆ ಮಾತ್ರವಲ್ಲ, ಕ್ರೀಮ್ ಒಡೆಯದಿರುವುದಕ್ಕೂ ಬೇಕು.

ವೈಟ್ ಸಾಸ್ ಬೇರೆ ಸಣ್ಣ ಪಾತ್ರೆಯಲ್ಲಿ: 10 ಗ್ರಾಂ ಬೆಣ್ಣೆಯಲ್ಲಿ ಮೈದಾವನ್ನು ಎರಡು ನಿಮಿಷ, ಬಣ್ಣ ತಿರುಗದ ಹಾಗೆ ಹುರಿದು, ತಣ್ಣನೆಯ ಹಾಲನ್ನು ಮೂರು ಸಲಕ್ಕೆ ಹಾಕುತ್ತಾ ತಂತಿಯ ವಿಸ್ಕ್‌ನಿಂದ ಕಲಕಿ ಒಂದು ಕುದಿ ಬರಿಸಿದರೆ ಮುಗಿಯಿತು. ಹಾಲೂ ಬಿಸಿ, ಮೈದಾವೂ ಬಿಸಿ ಇದ್ದರೆ ಗಂಟಾಗುತ್ತದೆ.

ಪಾಸ್ತಾ ಬೇಯಿಸಲು ನಾಲ್ಕೈದು ಲೀಟರ್ ನೀರು ಬೇಕೆಂಬ ಮಾತನ್ನು ನಾನು ಪಾಲಿಸುವುದಿಲ್ಲ. ಒಂದೂವರೆ ಲೀಟರ್, 15 ಗ್ರಾಂ ಉಪ್ಪು, ಅಂದರೆ ಪುಡಿ ಉಪ್ಪು ಎರಡೂವರೆ ಟೀ ಚಮಚ. ನೀರು ಕಡಿಮೆಯಾದಷ್ಟು ಅದರಲ್ಲಿ ಇಳಿಯುವ ಪಿಷ್ಟ ಗಾಢ, ಆ ತಿಳಿಯೇ ನಮಗೆ ಬೇಕು. ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಲೋಟದಲ್ಲಿ ಕುಡಿಯುವ ಊರಿನಲ್ಲಿ ಪಾಸ್ತಾದ ತಿಳಿಯನ್ನು ಸಿಂಕಿಗೆ ಸುರಿಯುವುದು ಯಾಕೋ ಗೊತ್ತಿಲ್ಲ. ಸಾಸಿನ ಕೊಬ್ಬು ಮತ್ತು ನೀರನ್ನು ಒಂದಾಗಿ ಹಿಡಿದಿಡುವುದು, ಪೆನ್ನೆಯ ಗೀರುಗಳಿಗೆ ಸಾಸನ್ನು ಅಂಟಿಸುವುದು ಆ ಪಿಷ್ಟ. ಬೇಯುವ ನೀರಿಗೆ ಎಣ್ಣೆ ಹಾಕುವುದೂ ವ್ಯರ್ಥ. ಮೇಲೆ ತೇಲಿ, ಸೋಸುವಾಗ ಪಾಸ್ತಾಕ್ಕೆ ಹತ್ತಿ, ಸಾಸನ್ನು ಜಾರಿಸುತ್ತದೆ. ಮೊದಲ ಒಂದು ನಿಮಿಷ ಕಲಕುತ್ತಿದ್ದರೆ ಅಂಟುವುದಿಲ್ಲ.

ಪ್ಯಾಕೆಟಿನಲ್ಲಿ 11 ನಿಮಿಷ ಎಂದಿದ್ದರೆ 9ಕ್ಕೆ ತೆಗೆಯಿರಿ. ಕಚ್ಚಿ ನೋಡಿದರೆ ನಡುವೆ ಸೂಜಿಯಷ್ಟು ಬಿಳಿ ಗೆರೆ ಕಾಣಬೇಕು. ನಮ್ಮದು ಕಡಲ ಮಟ್ಟದ ಊರಾದ್ದರಿಂದ ಪ್ಯಾಕೆಟಿನ ಲೆಕ್ಕ ಸರಿಹೋಗುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ ಅಲ್ಲಿ ಒಂದು ನಿಮಿಷ ಹೆಚ್ಚು ಬೇಕಾಗುತ್ತದೆ. ಸೋಸುವ ಮೊದಲು ಎರಡು ಲೋಟ ತಿಳಿ ತೆಗೆದಿಡಿ. ತಣ್ಣೀರಲ್ಲಿ ತೊಳೆಯಬೇಡಿ.

ಕೊನೆಯ ಹಂತಕ್ಕೆ ಎಲ್ಲವೂ ಒಲೆಯ ಪಕ್ಕದಲ್ಲೇ ಇರಲಿ. ಕೆಂಪು ಸಾಸಿಗೆ 100 ಮಿಲಿ ತಿಳಿ, ವೈಟ್ ಸಾಸ್ ಸೇರಿಸಿ ಕಲಕಿ ನಡು ಉರಿಗೆ ತನ್ನಿ. ಪೆನ್ನೆ ಹಾಕಿ ಎರಡು ನಿಮಿಷ ಬಿಡದೆ ತಿರುವಿ. ಅದು ಸಾಸನ್ನು ಕುಡಿಯುತ್ತಾ ಹೋಗುತ್ತದೆ, ಗಟ್ಟಿಯಾದರೆ ಇನ್ನೊಂದು ಸೌಟು ತಿಳಿ. ತುರಿದ ಚೀಸ್ ಕ್ಯೂಬ್ ಹಾಕಿ. ಪ್ರೊಸೆಸ್ಡ್ ಚೀಸಿನಲ್ಲಿ ಎಮಲ್ಸಿಫೈ ಮಾಡುವ, ಅಂದರೆ ಕೊಬ್ಬು ಮತ್ತು ನೀರನ್ನು ಬೆರೆಸಿ ಹಿಡಿಯುವ ಲವಣಗಳಿರುವುದರಿಂದ ಅದು ದಾರದಂತೆ ಎಳೆಯದೆ, ಎಣ್ಣೆ ಬಿಡದೆ ನುಣ್ಣಗೆ ಕರಗುತ್ತದೆ, ಸುತ್ತಲಿನ ಸಾಸನ್ನೂ ಹಿಡಿದಿಡುತ್ತದೆ. ಹೋಟೆಲಿನ ಆ ರೇಷ್ಮೆಯಂಥ ನುಣುಪಿಗೆ ದುಬಾರಿ ಪಾರ್ಮೆಸಾನ್‌ಗಿಂತ ಇದೇ ಹೆಚ್ಚು ಕೆಲಸ ಮಾಡುತ್ತದೆ. ಈಗ ಉರಿಯನ್ನು ಪೂರ್ತಿ ಸಣ್ಣ ಮಾಡಿ ಕ್ರೀಮ್, ಅದರ ಹಿಂದೆಯೇ ಸಿಗಡಿ, ಅರ್ಧ ನಿಮಿಷದಲ್ಲಿ ಒಲೆ ಆರಿಸಿ. ಉಪ್ಪು ನೋಡುವುದು ಇಲ್ಲೇ. ತಿಳಿ, ಚೀಸ್, ಕೆಚಪ್ ಎಲ್ಲದರಲ್ಲೂ ಉಪ್ಪು ಬಂದಿರುವುದರಿಂದ ಮೊದಲೇ ಹಾಕಿದರೆ ಕೆಡುತ್ತದೆ.

ಒಲೆಯಿಂದ ಇಳಿಸುವಾಗ ಸಾಸ್ ನೀರುದೋಸೆ ಹಿಟ್ಟಿಗಿಂತ ದಪ್ಪ, ಇಡ್ಲಿ ಹಿಟ್ಟಿಗಿಂತ ತೆಳು ಇರಬೇಕು. ತಟ್ಟೆಗೆ ಬರುವಷ್ಟರಲ್ಲಿ ಸರಿಯಾಗುತ್ತದೆ. ಬಾಣಲೆಯಲ್ಲೇ ಸರಿ ಕಂಡರೆ ಮೇಜಿನ ಮೇಲೆ ಗೋಂದಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಕ್ರೀಮ್ ಹಾಕಿದಾಗ ಸಣ್ಣ ಬಿಳಿ ಹರಳುಗಳು ಕಂಡರೆ ಒಡೆಯಿತು ಎಂದರ್ಥ. ಹುಳಿ ಮತ್ತು ಕಾವು ಸೇರಿ ಹಾಲಿನ ಪ್ರೋಟೀನ್ ಗಟ್ಟಿಯಾದದ್ದು ಅದು, ಕೊಬ್ಬು ಕಡಿಮೆ ಇರುವ ಕ್ರೀಮಿನಲ್ಲಿ ಬೇಗ ಆಗುತ್ತದೆ. ಮೈದಾ ಇರುವ ಸಾಸಿನಲ್ಲಿ ಅಪರೂಪ, ಪಿಷ್ಟ ಅಡ್ಡ ನಿಲ್ಲುತ್ತದೆ. ಆದರೂ ಆದರೆ ತಕ್ಷಣ ಒಲೆಯಿಂದಿಳಿಸಿ, ಎರಡು ಚಮಚ ತಿಳಿ ಮತ್ತು ಇನ್ನರ್ಧ ಚೀಸ್ ಕ್ಯೂಬ್ ಹಾಕಿ ಜೋರಾಗಿ ಕಲಕಿ. ಮುಕ್ಕಾಲು ಪಾಲು ಸುಧಾರಿಸುತ್ತದೆ.

ಮೇಲೆ ಉದುರಿಸಲು ಬೇಸಿಲ್ ಹುಡುಕಿಕೊಂಡು ಸೂಪರ್‌ಮಾರ್ಕೆಟಿಗೆ ಹೋಗುವುದು ಬೇಡ. ಅಂಗಳದಲ್ಲಿ ಬೆಳೆಯುವ ಕಾಮಕಸ್ತೂರಿ ಅದೇ ಜಾತಿಯ ಗಿಡ, ಪರಿಮಳ ತುಸು ಗಡುಸು. ನಾಲ್ಕೈದು ಎಳೆ ಎಲೆ ಹರಿದು ಹಾಕಿದರೆ ಸಾಕು. ತುಳಸಿ ಹಾಕಿದರೆ ಲವಂಗದ ಘಾಟು ಬಂದು ಕಷಾಯದ ರುಚಿಯಾಗುತ್ತದೆ. ಮಳೆಗಾಲದಲ್ಲಿ ಒರೆಗಾನೊ, ಚಿಲ್ಲಿ ಫ್ಲೇಕ್ಸ್ ಮೆತ್ತಗಾಗಿದ್ದರೆ ಒಣ ಬಾಣಲೆಯಲ್ಲಿ ಹತ್ತು ಸೆಕೆಂಡ್ ಬಿಸಿ ಮಾಡಿ ಬಳಸಿ.

ಸಸ್ಯಾಹಾರಿಗಳಿಗೆ ಸಿಗಡಿಯ ಜಾಗದಲ್ಲಿ 200 ಗ್ರಾಂ ಅಣಬೆ. ಎಣ್ಣೆ ಇಲ್ಲದೆ ಹುರಿದು ನೀರು ಆರಿದ ಮೇಲೆ ಬೆಣ್ಣೆ. ಸ್ಟಾಕ್ ಬದಲು ತಿಳಿ.

ನೆಂಟರು ಬರುವ ದಿನ ಹೋಟೆಲಿನ ಕ್ರಮವೇ ವಾಸಿ. ಪಾಸ್ತಾವನ್ನು ಮೂರು ನಿಮಿಷ ಮುಂಚೆ ತೆಗೆದು, ಒಂದು ಚಮಚ ಎಣ್ಣೆ ಸವರಿ, ಅಗಲ ತಟ್ಟೆಯಲ್ಲಿ ಹರಡಿ ತಣಿಸಿ ಫ್ರಿಜ್ಜಿನಲ್ಲಿಡಿ, ತಿಳಿಯನ್ನೂ ಎತ್ತಿಡಿ. ಬಡಿಸುವಾಗ 40 ಸೆಕೆಂಡ್ ಕುದಿನೀರಿಗೆ ಅದ್ದಿ ಸಾಸಿಗೆ ಹಾಕಿ. ಎಣ್ಣೆಯಿಂದ ಸಾಸ್ ಸ್ವಲ್ಪ ಜಾರುತ್ತದೆ, ತಿಳಿ ಒಂದು ಸೌಟು ಹೆಚ್ಚು ಹಾಕಿ ಸರಿದೂಗಿಸಬೇಕು. ಕೆಂಪು ಸಾಸ್ ಫ್ರಿಜ್ಜಿನಲ್ಲಿ ಮೂರು ದಿನ, ಫ್ರೀಜರಿನಲ್ಲಿ ಒಂದು ತಿಂಗಳು ಇರುತ್ತದೆ. ಒಂದು ಬಾಣಲೆಯಲ್ಲಿ ಇಬ್ಬರದ್ದಕ್ಕಿಂತ ಹೆಚ್ಚು ಮಾಡಬೇಡಿ. ನಾಲ್ವರದ್ದು ಒಟ್ಟಿಗೆ ಹಾಕಿದರೆ ಕಾವು ಬಿದ್ದು, ತಿರುವಲು ಜಾಗವಿಲ್ಲದೆ, ಅಡಿಯದ್ದು ಹಿಟ್ಟಾಗಿ ಮೇಲಿನದ್ದು ಒಣಗಿರುತ್ತದೆ. ಎರಡು ಸಲ ಮಾಡಿದರೆ ಹೆಚ್ಚೆಂದರೆ ಐದು ನಿಮಿಷ ತಡ.