ಫ್ಯಾಂಟಸಿ ಫುಟ್‌ಬಾಲ್ ಲೀಗ್: ಕೊನೆಯ ಸ್ಥಾನದವರೂ ಕೊನೆಯ ವಾರದವರೆಗೆ ಆಡುವ ಹಾಗೆ ನಡೆಸುವುದು ಹೇಗೆ?

ಫ್ಯಾಂಟಸಿ ಲೀಗ್ ಅಂದರೆ, ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ಒಂದು ತಂಡ ಕಟ್ಟಿ, ಅವರು ನಿಜವಾದ ಪಂದ್ಯಗಳಲ್ಲಿ ಆಡಿದ್ದಕ್ಕೆ ತಕ್ಕ ಹಾಗೆ ಅಂಕ ಪಡೆದು ಗೆಳೆಯರ ಜೊತೆ ಪೈಪೋಟಿ ಮಾಡುವ ಆಟ. ಅದನ್ನು ಶುರು ಮಾಡುವುದು ಸುಲಭ. ಒಂದು ಹೆಸರಿಟ್ಟು ಕೋಡ್ ಹಂಚಿದರೆ ಮುಗೀತು. ಆಗಸ್ಟ್‌ನಲ್ಲಿ ಎಲ್ಲರಿಗೂ ಹುರುಪು, ಗ್ರೂಪ್ ತುಂಬಾ ಮೆಸೇಜು. ಕಷ್ಟ ಇರುವುದು ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ಅರ್ಧ ಜನ ತಮ್ಮ ತಂಡದ ಕಡೆ ತಿರುಗಿಯೂ ನೋಡುತ್ತಿರುವುದಿಲ್ಲ, ಆಪರೇಷನ್ ಆಗಿ ಮಲಗಿರುವ ಆಟಗಾರ ಇನ್ನೂ ಅವರ ಕ್ಯಾಪ್ಟನ್ (ಅಂದರೆ ಅಂಕ ಎರಡು ಪಟ್ಟು ಸಿಗುವವನು) ಆಗಿ ಕೂತಿರುತ್ತಾನೆ, ಮೇಲಿನ ಇಬ್ಬರು ಮೂವರು ಮಾತ್ರ ತಮ್ಮತಮ್ಮಲ್ಲೇ ಪೈಪೋಟಿ ನಡೆಸಿರುತ್ತಾರೆ.

ಹಾಗಾಗಿ ಯಾರು ಯಾವ ನಿಯಮ ತಂದರೂ ನಾನು ಕೇಳುವುದು ಒಂದೇ ಪ್ರಶ್ನೆ: ಪಟ್ಟಿಯ ಕೊನೆಯಲ್ಲಿರುವವರಿಗೆ ಫೆಬ್ರವರಿಯಲ್ಲೂ ಡೆಡ್‌ಲೈನ್‌ಗೆ ಮುಂಚೆ ಆ್ಯಪ್ ತೆರೆಯಲು ಇದರಿಂದ ಕಾರಣ ಸಿಗುತ್ತಾ? ಸಿಗದಿದ್ದರೆ ಆ ನಿಯಮ ಎಷ್ಟೇ ಜಾಣತನದ್ದಾದರೂ ಬೇಡ. ಇಲ್ಲಿ ಉದಾಹರಣೆಗಳನ್ನೆಲ್ಲ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಇಟ್ಟುಕೊಂಡೇ ಹೇಳುತ್ತೇನೆ, ಹೆಚ್ಚು ಜನ ಆಡುವುದು ಅದನ್ನೇ ಅಲ್ವಾ.

ಮೊದಲು ಆಟದ ಬಗೆ

ಪ್ರೀಮಿಯರ್ ಲೀಗ್‌ನವರದೇ ಅಧಿಕೃತ ಆಟ, ಅಂದರೆ ಎಫ್‌ಪಿಎಲ್ (ಫ್ಯಾಂಟಸಿ ಪ್ರೀಮಿಯರ್ ಲೀಗ್), ಬಜೆಟ್ ಮೇಲೆ ನಡೆಯುತ್ತದೆ. 100 ಮಿಲಿಯನ್ ಒಳಗೆ 15 ಆಟಗಾರರು: 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಒಂದೇ ಕ್ಲಬ್‌ನಿಂದ 3 ಜನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಇದರಲ್ಲಿ ನೀವು ನಡೆಸುವುದು ಏನೂ ಇಲ್ಲ, ಲೆಕ್ಕವೆಲ್ಲ ಅವರದೇ. ಇಪ್ಪತ್ತು, ಮೂವತ್ತು ಜನ ಇದ್ದರೆ, ಅದರಲ್ಲೂ ಅರ್ಧ ಜನ ಹೊಸಬರಾಗಿದ್ದರೆ, ಸುಮ್ನೆ ಇದನ್ನೇ ಆರಿಸಿಕೊಳ್ಳಿ. ಒಂದೇ ತೊಂದರೆ, ಎಲ್ಲರ ತಂಡದಲ್ಲೂ ಅದೇ ಏಳೆಂಟು ಮುಖ, ಕ್ಯಾಪ್ಟನ್ ಕೂಡ ಅವನೇ. ವಾರಪೂರ್ತಿ ತಲೆಕೆಡಿಸಿಕೊಂಡರೂ ಪಕ್ಕದವರಿಗಿಂತ ನಾಲ್ಕು ಅಂಕ ಮೇಲೆ ಬಂದರೆ ಹೆಚ್ಚು.

ಎಂಟರಿಂದ ಹನ್ನೆರಡು ಜನ, ಎಲ್ಲರೂ ನಿಜವಾಗಿ ಪಂದ್ಯ ನೋಡುವವರು ಅನ್ನುವುದಾದರೆ ಡ್ರಾಫ್ಟ್ ಮಾಡಿ, ಅಂದರೆ ಸರದಿಯ ಪ್ರಕಾರ ಒಬ್ಬೊಬ್ಬರಾಗಿ ಆಟಗಾರರನ್ನು ಆರಿಸಿಕೊಳ್ಳುವುದು. ಇದರಲ್ಲಿ ಒಬ್ಬ ಆಟಗಾರ ಒಂದೇ ತಂಡಕ್ಕೆ ಸೇರುತ್ತಾನೆ. ಸರದಿ ಹಾವಿನ ಹಾಗೆ ತಿರುಗುತ್ತದೆ: 10 ಜನರಿದ್ದರೆ ಮೊದಲನೆಯವರಿಗೆ 1, 20, 21ನೇ ಆಯ್ಕೆ, ಹತ್ತನೆಯವರಿಗೆ 10 ಮತ್ತು 11. ಸರದಿ ಯಾರಿಗೆ ಯಾವುದು ಅನ್ನುವ ಚೀಟಿಯನ್ನು ಎಲ್ಲರ ಕಣ್ಣೆದುರೇ ಎತ್ತಿ, ಇಲ್ಲದಿದ್ದರೆ ಮೇ ತಿಂಗಳವರೆಗೂ ಆ ಮಾತು ಕೇಳಬೇಕಾಗುತ್ತದೆ. ಡ್ರಾಫ್ಟ್‌ನಲ್ಲಿ ಜನ ಮರೆಯುವ ಒಂದು ಲೆಕ್ಕ ಇದೆ. 10 ಜನ ತಲಾ 2 ಗೋಲ್‌ಕೀಪರ್ ಇಟ್ಟುಕೊಂಡರೆ 20 ಆಯ್ತು. ಪ್ರೀಮಿಯರ್ ಲೀಗ್‌ನಲ್ಲಿ ಇರುವುದೇ 20 ಕ್ಲಬ್. ಅಂದರೆ ಖಾಯಂ ಆಡುವ ಕೀಪರ್ ಒಬ್ಬನೂ ಹೊರಗೆ ಉಳಿಯುವುದಿಲ್ಲ, ಯಾರದ್ದಾದರೂ ಕೀಪರ್‌ಗೆ ಪೆಟ್ಟಾದರೆ ಬದಲಿ ಸಿಗುವುದಿಲ್ಲ. ಸ್ವಂತ ನಿಯಮ ಬರೆಯುವಷ್ಟು ಸ್ವಾತಂತ್ರ್ಯ ಇದ್ದರೆ ತಲೆಗೊಬ್ಬ ಕೀಪರ್ ಸಾಕು ಅಂತ ಮಾಡಿ. ಅಥವಾ ಆಟಗಾರನ ಬದಲು ಒಂದು ಕ್ಲಬ್‌ನ ಕೀಪರ್ ಜಾಗವನ್ನೇ ಆರಿಸುವ ಹಾಗೆ ಮಾಡಿ, ಆ ವಾರ ಅಲ್ಲಿ ಯಾರು ನಿಂತರೂ ಅಂಕ ನಿಮ್ಮದೇ.

ಮೂರನೆಯದು ಹರಾಜು. ಇಟಲಿಯವರ ಫ್ಯಾಂಟಸಿ ಫುಟ್‌ಬಾಲ್, ಫ್ಯಾಂಟಕಾಲ್ಚೊ, ನಡೆಯುವುದು ಹೀಗೇ. 25 ಜನರ ತಂಡ (3 ಕೀಪರ್, 8 ಡಿಫೆಂಡರ್, 8 ಮಿಡ್‌ಫೀಲ್ಡರ್, 6 ಫಾರ್ವರ್ಡ್), ಎಲ್ಲರಿಗೂ ಸಮಾನ ಕ್ರೆಡಿಟ್, ಒಂದು ಸಂಜೆಪೂರ್ತಿ ಕೂಗಾಟ. ಮಜಾ ಇದರಲ್ಲೇ ಜಾಸ್ತಿ. ಮೊದಲ ಸಲ ಲೀಗ್ ನಡೆಸುವವರು ಮಾತ್ರ ಇದಕ್ಕೆ ಕೈ ಹಾಕಬೇಡಿ, ಹರಾಜು ಕೂಗುವವರಿಗೆ ಸ್ವಲ್ಪ ಗಟ್ಟಿ ಎದೆ ಬೇಕು.

ಎಷ್ಟು ಜನ, ಎಷ್ಟು ವಾರ

ಸೀಸನ್‌ಗೆ 38 ಗೇಮ್‌ವೀಕ್, ಅಂದರೆ ಅಂಕ ಎಣಿಸುವ 38 ಸುತ್ತು; ಇಲ್ಲಿ ವಾರ ಅಂದರೆ ಇದೇ. ವಾರವಾರ ಒಬ್ಬರ ಮೇಲೊಬ್ಬರು ಆಡುವ ಹೆಡ್ ಟು ಹೆಡ್ ಲೀಗ್ ಮಾಡುವುದಾದರೆ ಈ 38ಕ್ಕೆ ಜನರ ಸಂಖ್ಯೆ ಹೊಂದಬೇಕು. 8 ಜನರಿದ್ದರೆ ಒಂದು ಸುತ್ತಿಗೆ 7 ವಾರ, ಐದು ಸುತ್ತಿಗೆ 35. ಉಳಿದ 3 ವಾರದಲ್ಲಿ ಕ್ವಾರ್ಟರ್, ಸೆಮಿ, ಫೈನಲ್ ಸರಿಯಾಗಿ ಕೂರುತ್ತದೆ. 10 ಜನರಿದ್ದರೆ ನಾಲ್ಕು ಸುತ್ತಿಗೆ 36, ಕೊನೆಯ 2 ವಾರ ಮೇಲಿನ ನಾಲ್ವರಿಗೆ ಸೆಮಿ ಮತ್ತು ಫೈನಲ್. 12 ಜನರಿದ್ದರೆ ಮೂರು ಸುತ್ತಿಗೆ 33, ಐದು ವಾರ ಕೈಯಲ್ಲಿ. 20 ಆದರೆ ಎರಡು ಸುತ್ತಿಗೇ 38 ಮುಗಿಯುತ್ತದೆ. ಬೆಸ ಸಂಖ್ಯೆ ಬಂದರೆ ಎಫ್‌ಪಿಎಲ್ ತಾನೇ ಒಂದು ಸರಾಸರಿ ತಂಡವನ್ನು (ಆ ವಾರದ ಸರಾಸರಿ ಅಂಕವೇ ಅದರ ಅಂಕ) ಸೇರಿಸಿ ಜೋಡಿ ಮಾಡುತ್ತದೆ. ಆ ತಂಡಕ್ಕೆ ಸೋತವರ ಮುಖ ನೋಡಲಾಗದು, ಆದಷ್ಟು ಸಮ ಸಂಖ್ಯೆಯನ್ನೇ ಹುಡುಕಿ.

ಹೆಡ್ ಟು ಹೆಡ್‌ನಲ್ಲಿ ಅದೃಷ್ಟದ ಪಾಲು ದೊಡ್ಡದು. ಆ ವಾರ ಲೀಗ್‌ನಲ್ಲೇ ಎರಡನೇ ಅತಿ ಹೆಚ್ಚು ಅಂಕ ತೆಗೆದರೂ, ಮೊದಲನೆಯವರೇ ಎದುರಾಳಿಯಾಗಿ ಸಿಕ್ಕರೆ ನಿಮಗೆ ಸೊನ್ನೆ. ಇನ್ನೊಂದು ಕಡೆ ಒಂಬತ್ತನೆಯವರು ಹತ್ತನೆಯವರನ್ನು ಸೋಲಿಸಿ ಆರಾಮಾಗಿ 3 ಅಂಕ ಜೇಬಿಗೆ ಹಾಕಿಕೊಳ್ಳುತ್ತಾರೆ. ಇಂಥದ್ದು ಎರಡು ಮೂರು ಸಲ ಆದರೆ ಸಾಕು, ಎಂಥವರಿಗೂ ಬೇಜಾರಾಗಿ ಕೈಚೆಲ್ಲುತ್ತಾರೆ. ಇದಕ್ಕೆ ಮದ್ದು ಇದೆ. ಗೆಲುವಿಗೆ 3, ಡ್ರಾಗೆ 1 ಇರಲಿ, ಅದರ ಜೊತೆಗೆ ಆ ವಾರದ ಒಟ್ಟು ಅಂಕದಲ್ಲಿ ಮೇಲಿನ ಅರ್ಧದಲ್ಲಿ ಇರುವ ಎಲ್ಲರಿಗೂ 2 ಕೊಡಿ. ಈಗ ಒಳ್ಳೆಯ ಅಂಕ ತೆಗೆದು ಸೋತವರಿಗೆ 2, ಕೆಟ್ಟ ಅಂಕ ತೆಗೆದು ಗೆದ್ದವರಿಗೆ 3, ಒಳ್ಳೆಯ ಅಂಕ ತೆಗೆದು ಗೆದ್ದವರಿಗೆ 5. ಅದೃಷ್ಟ ಉಳಿಯಿತು, ಅನ್ಯಾಯ ಕಮ್ಮಿ ಆಯ್ತು. ಒಂದೇ ಒಂದು ನಿಯಮ ಬದಲಿಸುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಫ್ಯಾಂಟಕಾಲ್ಚೊದವರು ಇನ್ನೊಂದು ದಾರಿ ಕಂಡುಕೊಂಡಿದ್ದಾರೆ. ಅಲ್ಲಿ ಆಟಗಾರನಿಗೆ ಪತ್ರಿಕೆಯವರು ಹತ್ತಕ್ಕೆ ಇಷ್ಟು ಅಂತ ಮಾರ್ಕ್ ಕೊಡುತ್ತಾರೆ, ಅದಕ್ಕೆ ಗೋಲ್‌ಗೆ 3, ಅಸಿಸ್ಟ್‌ಗೆ 1 ಸೇರಿಸಿ, ಹಳದಿ ಕಾರ್ಡಿಗೆ ಅರ್ಧ, ಕೆಂಪಿಗೆ 1 ಕಳೆಯುತ್ತಾರೆ. ತಂಡದ ಒಟ್ಟು ಅಂಕ 66 ಮುಟ್ಟಿದರೆ ಒಂದು ಗೋಲ್, 72ಕ್ಕೆ ಎರಡು, 78ಕ್ಕೆ ಮೂರು. ಫಲಿತಾಂಶ ಬರುವುದು 2–1, 1–1 ಅಂತ. ಎರಡೇ ಅಂಕದ ಅಂತರದಲ್ಲಿ ಸೋತು ಹೊಟ್ಟೆ ಉರಿಸಿಕೊಳ್ಳುವ ಬದಲು ಹೆಚ್ಚಿನ ಸಲ ಡ್ರಾ ಆಗುತ್ತದೆ. ಎಫ್‌ಪಿಎಲ್ ಅಂಕಕ್ಕೂ ಈ ಮೆಟ್ಟಿಲು ಹಾಕಬಹುದು, ಮೆಟ್ಟಿಲು ಎಲ್ಲಿಂದ ಶುರುವಾಗಬೇಕು ಅನ್ನುವುದನ್ನು ನಿಮ್ಮದೇ ಲೀಗ್‌ನ ಹಿಂದಿನ ಸೀಸನ್ ಸರಾಸರಿ ನೋಡಿ ಗೊತ್ತುಮಾಡಿ.

ಅಂಕದ ಪಟ್ಟಿಗೆ ಕೈ ಹಾಕುವ ಮುಂಚೆ

ಎಲ್ಲರಿಗೂ ಮೊದಲು ಬದಲಿಸಬೇಕು ಅನ್ನಿಸುವುದು ಇದೇ. ನನಗೆ ಕೇಳಿದರೆ ಕೊನೆಗೆ ಮುಟ್ಟಬೇಕಾದದ್ದು. ಎಫ್‌ಪಿಎಲ್‌ನವರೇ ಮಾಡಿದ ಎರಡು ಬದಲಾವಣೆ ನೋಡಿ. 2024–25ರಲ್ಲಿ ಗೋಲ್‌ಕೀಪರ್ ಹೊಡೆಯುವ ಗೋಲ್‌ಗೆ 6ರ ಬದಲು 10 ಅಂಕ ಮಾಡಿದರು. ಕೇಳಲು ಚೆಂದ. ಆದರೆ ಪ್ರೀಮಿಯರ್ ಲೀಗ್ ಶುರುವಾದ 1992ರಿಂದ 2021ರ ಮೇ ತಿಂಗಳಲ್ಲಿ ಲಿವರ್‌ಪೂಲ್‌ನ ಕೀಪರ್ ಅಲಿಸನ್ ವೆಸ್ಟ್ ಬ್ರಾಮ್ ವಿರುದ್ಧ ಹೆಡರ್ ಹೊಡೆಯುವವರೆಗೆ ಗೋಲ್ ಹೊಡೆದ ಕೀಪರ್‌ಗಳು ಆರೇ ಜನ. ಯಾರ ತಂಡದ ಆಯ್ಕೆಯೂ ಇದರಿಂದ ಬದಲಾಗುವುದಿಲ್ಲ. 2025–26ರಲ್ಲಿ ಬಂದದ್ದು ಬೇರೆ ಥರದ್ದು. ಡಿಫೆಂಡರ್ ಒಂದು ಪಂದ್ಯದಲ್ಲಿ ಟ್ಯಾಕಲ್, ಇಂಟರ್‌ಸೆಪ್ಷನ್, ಬ್ಲಾಕ್, ಕ್ಲಿಯರೆನ್ಸ್ ಎಲ್ಲ ಸೇರಿ 10 ಮುಟ್ಟಿದರೆ 2 ಅಂಕ. ಮಿಡ್‌ಫೀಲ್ಡರ್, ಫಾರ್ವರ್ಡ್‌ಗಳಿಗೆ ಚೆಂಡು ಮರಳಿ ಗೆದ್ದದ್ದೂ ಸೇರಿ 12 ಆಗಬೇಕು. ಅಲ್ಲಿಯವರೆಗೆ ಯಾರೂ ಕ್ಯಾರೇ ಅನ್ನದಿದ್ದ ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗಳಿಗೆ, ಸಣ್ಣ ಕ್ಲಬ್‌ಗಳ ಸೆಂಟರ್ ಬ್ಯಾಕ್‌ಗಳಿಗೆ ಇದರಿಂದ ಬೆಲೆ ಬಂತು. ನಿಮ್ಮ ಲೀಗ್‌ನಲ್ಲೂ ಹೀಗೇ ನೋಡಿ: ವಾರವಾರದ ಆಯ್ಕೆಯನ್ನು ಬದಲಿಸುವ ನಿಯಮಕ್ಕೆ ಮಾತ್ರ ಚರ್ಚೆ ಇಡಿ.

ಡ್ರಾಫ್ಟ್ ಆಡುವವರು ಸ್ಥಾನಗಳ ನಡುವೆ ಸಮತೋಲ ಇದೆಯಾ ಅಂತ ಒಂದು ಸಲ ಪರೀಕ್ಷೆ ಮಾಡಲೇಬೇಕು. 10 ತಂಡ, ತಲಾ 3 ಫಾರ್ವರ್ಡ್ ಅಂದರೆ 30 ಜನ ಹೋದರು. ಹೊರಗೆ ಸಿಗುವವನು 31ನೆಯವನು. ಹಿಂದಿನ ಸೀಸನ್‌ನ ಒಟ್ಟು ಅಂಕದಲ್ಲಿ ಮೊದಲನೇ ಫಾರ್ವರ್ಡ್‌ಗೂ 31ನೆಯವನಿಗೂ ಎಷ್ಟು ಅಂತರ ಅಂತ ನೋಡಿ. ಹಾಗೇ 5 ಮಿಡ್‌ಫೀಲ್ಡರ್ ಲೆಕ್ಕದಲ್ಲಿ ಮೊದಲನೆಯವನಿಗೂ 51ನೆಯವನಿಗೂ, ಡಿಫೆಂಡರ್‌ಗಳಲ್ಲೂ ಅಷ್ಟೇ. ಒಂದು ಸ್ಥಾನದ ಅಂತರ ಮಿಕ್ಕವಕ್ಕಿಂತ ಬಹಳ ದೊಡ್ಡದಿದ್ದರೆ ಮೊದಲ ಸರದಿ ಸಿಕ್ಕವರು ಅರ್ಧ ಗೆದ್ದ ಹಾಗೆ. ಆಗ ಅಂಕ ಬದಲಿಸುವುದಕ್ಕಿಂತ, ಆ ಸ್ಥಾನದಲ್ಲಿ ಎಷ್ಟು ಜನರನ್ನು ಇಟ್ಟುಕೊಳ್ಳಬೇಕು ಅನ್ನುವ ಸಂಖ್ಯೆಯನ್ನು ಬದಲಿಸುವುದು ಸುಲಭ.

ಆಟಗಾರರ ಬದಲಾವಣೆ, ಅದಲುಬದಲು

ಬಜೆಟ್ ಆಟದಲ್ಲಿ ಇದು ನಿಮ್ಮ ತಲೆನೋವಲ್ಲ: ವಾರಕ್ಕೊಂದು ಬದಲಾವಣೆ ಉಚಿತ, ಬಳಸದಿದ್ದರೆ 5ರವರೆಗೆ ಕೂಡಿಡಬಹುದು, ಮೇಲಿನ ಒಂದೊಂದಕ್ಕೂ 4 ಅಂಕ ಕಡಿತ. ಡ್ರಾಫ್ಟ್‌ನಲ್ಲಿ ಮಾತ್ರ ಜಗಳ ಹುಟ್ಟುವುದೇ ಇಲ್ಲಿ. ಹೊರಗಿರುವ ಆಟಗಾರ ಶನಿವಾರ ಎರಡು ಗೋಲ್ ಹೊಡೆದ, ಅವನು ಯಾರಿಗೆ? ಮೊದಲು ಕ್ಲಿಕ್ ಮಾಡಿದವರಿಗೆ ಅಂದರೆ ರಾತ್ರಿ ನಿದ್ದೆಗೆಟ್ಟು ಕೂತವರದೇ ರಾಜ್ಯ. ಪಟ್ಟಿಯ ಕೊನೆಯವರಿಗೆ ಮೊದಲ ಹಕ್ಕು ಅನ್ನುವುದು ಪರವಾಗಿಲ್ಲ. ಇದಕ್ಕಿಂತ ಒಳ್ಳೆಯದು ಮುಚ್ಚಿದ ಬಿಡ್. ಎಲ್ಲರಿಗೂ ಸೀಸನ್‌ಗೆ 100 ಕ್ರೆಡಿಟ್, ವಾರಕ್ಕೊಮ್ಮೆ ನಿಗದಿತ ಹೊತ್ತಿಗೆ ಬಿಡ್ ತೆರೆಯುವುದು, ಹೆಚ್ಚು ಹಾಕಿದವರಿಗೆ ಆಟಗಾರ. ಸಮ ಆದರೆ ಕೆಳಗಿನ ಸ್ಥಾನದವರಿಗೆ. ಸೊನ್ನೆ ಬಿಡ್‌ಗೂ ಅವಕಾಶ ಇರಲಿ, ಇಲ್ಲದಿದ್ದರೆ ಮಾರ್ಚ್‌ನಲ್ಲಿ ಕೈ ಖಾಲಿಯಾದವರು ಆಟದಿಂದಲೇ ಹೊರಗೆ. ಆ್ಯಪ್ ಇದನ್ನು ಮಾಡದಿದ್ದರೆ ಬಿಡ್‌ಗಳನ್ನು ಪಾಳಿಯ ಮೇಲೆ ಒಬ್ಬರಿಗೆ ಖಾಸಗಿಯಾಗಿ ಕಳಿಸಿ. ಅಡ್ಮಿನ್ ತಾನೂ ಬಿಡ್ ಮಾಡುತ್ತಿದ್ದರೆ ತನ್ನದನ್ನು ಮೊದಲೇ ಇನ್ನೊಬ್ಬರಿಗೆ ಕೊಟ್ಟಿರಬೇಕು.

ಇಬ್ಬರು ತಮ್ಮಲ್ಲೇ ಆಟಗಾರರನ್ನು ಅದಲುಬದಲು ಮಾಡಿಕೊಂಡರೆ ಮಿಕ್ಕವರು ಮೂಗು ಮುರಿಯುವುದು ಖಂಡಿತ. ವೋಟ್ ಹಾಕಿ ತಡೆಯುವ ಪದ್ಧತಿ ನನಗೆ ಇಷ್ಟ ಇಲ್ಲ, ಎಲ್ಲರೂ ತಮ್ಮ ಲಾಭ ನೋಡಿಯೇ ವೋಟ್ ಹಾಕುತ್ತಾರೆ. ದಡ್ಡ ವ್ಯವಹಾರ ಮಾಡುವ ಹಕ್ಕು ಎಲ್ಲರಿಗೂ ಇದೆ. ತಡೆಯಬೇಕಾದ್ದು ಒಳಒಪ್ಪಂದವನ್ನು, ಅಂದರೆ ಗೆಲ್ಲುವ ಆಸೆ ಬಿಟ್ಟವರು ಗೆಳೆಯನಿಗೆ ತಮ್ಮ ಒಳ್ಳೆಯ ಆಟಗಾರನನ್ನು ದಾನ ಮಾಡುವುದನ್ನು. ಅದಕ್ಕೆ ಕೊನೆಯ ಎಂಟು ವಾರ ಅದಲುಬದಲು ಬಂದ್ ಅಂತ ಮಾಡಿದರೆ ಮುಕ್ಕಾಲು ಪಾಲು ತಂಟೆ ಮುಗಿಯುತ್ತದೆ.

ಕೆಳಗಿರುವವರನ್ನು ಹಿಡಿದಿಡುವುದು

ಎಫ್‌ಪಿಎಲ್‌ನಲ್ಲಿ ಲೀಗ್ ಮಾಡುವಾಗ ಯಾವ ಗೇಮ್‌ವೀಕ್‌ನಿಂದ ಅಂಕ ಎಣಿಸಬೇಕು ಅಂತ ಆರಿಸಬಹುದು. ಎಷ್ಟೋ ಅಡ್ಮಿನ್‌ಗಳು ಇದನ್ನು ಗಮನಿಸಿರುವುದೇ ಇಲ್ಲ. ಅದೇ ಜನರನ್ನು ಸೇರಿಸಿ 20ನೇ ವಾರದಿಂದ ಎಣಿಸುವ ಎರಡನೇ ಲೀಗ್ ತೆರೆಯಿರಿ. ಹೊಸ ವರ್ಷಕ್ಕೆ ಎಲ್ಲರೂ ಮತ್ತೆ ಸೊನ್ನೆಯಿಂದ. ಇದರ ಜೊತೆಗೆ ವಾರಕ್ಕೊಬ್ಬರು ಔಟ್ ಆಗುವ ಪಂದ್ಯಾವಳಿ ಇಡಬಹುದು: ಆ ವಾರ ಅತಿ ಕಮ್ಮಿ ಅಂಕ ಬಂದವರು ಹೊರಗೆ, ಕೊನೆಗೆ ಉಳಿದವರು ಗೆದ್ದರು. 20 ಜನರಿದ್ದರೆ 19 ವಾರಕ್ಕೆ ಒಂದು ಮುಗಿಯುತ್ತದೆ, ಹಾಗಾಗಿ ಸೀಸನ್‌ಗೆ ಸರಿಯಾಗಿ ಎರಡು.

ಕೊನೆಯ ಸ್ಥಾನಕ್ಕೆ ಶಿಕ್ಷೆ ಇಡುವ ಲೀಗ್‌ಗಳೂ ಇವೆ. ಲಘುವಾಗಿ ಇರಲಿ, ಮುಂದಿನ ಸೀಸನ್‌ನಲ್ಲಿ ಎಲ್ಲರೂ ಆರಿಸಿದ ಕೆಟ್ಟ ತಂಡದ ಹೆಸರು ಇಟ್ಟುಕೊಳ್ಳುವಂಥದ್ದು. ದುಡ್ಡಿನ ವಿಷಯಕ್ಕೆ ಹೋಗದಿದ್ದರೆ ಒಳ್ಳೆಯದು. ಹೋಗುವುದೇ ಆದರೆ ನೀವಿರುವ ಕಡೆಯ ಕಾನೂನು ಏನು ಹೇಳುತ್ತದೆ ಅಂತ ಮೊದಲು ನೋಡಿ.

ಮೂರು ವಾರ ತಂಡ ಮುಟ್ಟದವರಿಗೆ ಒಂದು ಮೆಸೇಜು ಹಾಕಿ. ಉತ್ತರ ಬರದಿದ್ದರೆ ಮುಲಾಜಿಲ್ಲದೆ ಮುಂದಿನ ಸೀಸನ್‌ಗೆ ಅವರ ಜಾಗ ಇನ್ನೊಬ್ಬರಿಗೆ.

ನಿಯಮ ಬದಲಿಸುವ ನಿಯಮ

ಮೊದಲ ವಾರಕ್ಕೆ ಮುಂಚೆ ಒಂದೇ ಪುಟದಲ್ಲಿ ಎಲ್ಲ ಬರೆದಿಡಿ. ಅಂಕ ಸಮ ಆದರೆ ಯಾರು ಮೇಲೆ? ಪಂದ್ಯ ಮುಂದೂಡಿದರೆ ಆ ಅಂಕ ಯಾವ ವಾರಕ್ಕೆ? ಜನವರಿಯಲ್ಲಿ ನಿಮ್ಮ ಆಟಗಾರ ಬೇರೆ ದೇಶದ ಕ್ಲಬ್‌ಗೆ ಮಾರಾಟವಾದರೆ ಪರಿಹಾರ ಇದೆಯಾ? ಲೀಗೇ ನಿಂತುಹೋದರೆ? 2020ರ ಮಾರ್ಚ್‌ನಲ್ಲಿ ಹಾಗೇ ಆಯ್ತು, ಜೂನ್‌ವರೆಗೆ ಪಂದ್ಯವೇ ಇರಲಿಲ್ಲ. ಅಡ್ಮಿನ್ ಕಕ್ಷಿದಾರನಾಗಿರುವ ಜಗಳದಲ್ಲಿ ತೀರ್ಪು ಯಾರದು ಅನ್ನುವುದನ್ನೂ ಬರೆಯಿರಿ, ಅದಕ್ಕೆ ಪಟ್ಟಿಯ ಮಧ್ಯದಲ್ಲಿರುವ ಇಬ್ಬರನ್ನು ಹೆಸರಿಸಿದರೆ ಸಾಕು.

ಸೀಸನ್ ನಡುವೆ ಯಾವುದನ್ನೂ ಬದಲಿಸಬೇಡಿ, ಎಷ್ಟೇ ನ್ಯಾಯ ಅನ್ನಿಸಿದರೂ. ಬರೆದಿಟ್ಟದ್ದರಲ್ಲಿ ಇಲ್ಲದ ಸಂಗತಿ ಎದ್ದರೆ ಆ ಹೊತ್ತಿಗೊಂದು ತೀರ್ಮಾನ ಕೊಟ್ಟು, ಮುಂದಿನ ಸೀಸನ್‌ಗೆ ಅಂತ ಟಿಪ್ಪಣಿ ಮಾಡಿಕೊಳ್ಳಿ. ವೋಟ್ ಜೂನ್, ಜುಲೈನಲ್ಲಿ, ಮೂರನೇ ಎರಡರಷ್ಟು ಜನ ಒಪ್ಪಿದರೆ ಮಾತ್ರ ಜಾರಿ. ವರ್ಷಕ್ಕೆ ಎರಡಕ್ಕಿಂತ ಜಾಸ್ತಿ ಬೇಡ. ಐದಾರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಆಟ ಸುಧಾರಿಸಿತು, ಯಾವುದರಿಂದ ಕೆಟ್ಟಿತು ಅಂತ ಪತ್ತೆಯೇ ಆಗುವುದಿಲ್ಲ.

ವೋಟ್‌ಗೆ ಮುಂಚೆ ಇನ್ನೊಂದು ಕೆಲಸ. ಹಿಂದಿನ ಸೀಸನ್‌ನ ವಾರವಾರದ ಅಂಕವನ್ನು ಒಂದು ಶೀಟ್‌ಗೆ ಹಾಕಿ, ಹೊಸ ನಿಯಮ ಆಗಲೇ ಇದ್ದಿದ್ದರೆ ಪಟ್ಟಿ ಹೇಗಿರುತ್ತಿತ್ತು ಅಂತ ಲೆಕ್ಕ ಮಾಡಿ ತೋರಿಸಿ. ಗೆದ್ದವರು ಯಾರು ಅನ್ನುವುದಕ್ಕಿಂತ, 25ನೇ ವಾರದಲ್ಲಿ ಮೊದಲ ನಾಲ್ಕರೊಳಗೆ ಬರುವ ಅವಕಾಶ ಇನ್ನೂ ಎಷ್ಟು ಜನಕ್ಕೆ ಇತ್ತು ಅಂತ ನೋಡಿ. ಹಳೆಯ ನಿಯಮದಲ್ಲಿ ಐದು ಜನಕ್ಕೆ ಇದ್ದದ್ದು ಹೊಸದರಲ್ಲಿ ಎಂಟಾದರೆ ವಾದ ಬೇಕಾಗಿಲ್ಲ. ಮೂರಕ್ಕೆ ಇಳಿದರೆ ಪ್ರಸ್ತಾಪ ತಂದವರೇ ಸುಮ್ಮನಾಗುತ್ತಾರೆ. ಒಂದು ಎಚ್ಚರಿಕೆ: ಪ್ರಸ್ತಾಪ ತಂದವರ ಕೈಗೆ ಈ ಲೆಕ್ಕ ಕೊಡಬೇಡಿ, ಅದನ್ನು ವಿರೋಧಿಸುವವರ ಕೈಯಲ್ಲೇ ಮಾಡಿಸಿ.